ಬಿಳಿ ಇಲಿಗೆ ಬಣ್ಣದ ಮರಿ, ಕುತ್ತಿಗೆಯ ಗಡ್ಡೆಗೆ ಕನ್ನಡದ ನಂಟು!

ಒಂದು ನಿಮಿಷ! ಎರಡು ಬೆರಳನ್ನು ಕುತ್ತಿಗೆಯ ಮೇಲಿಡಿ. ಗಂಟಲ ಉಬ್ಬಿಗಿಂತ ಸ್ವಲ್ಪ ಕೆಳಗೆ. ಇಟ್ಟಿರಾ?

ಆ ಬೆರಳ ಹಿಂದೆ ಥೈರಾಯ್ಡ್ ಗ್ರಂಥಿ ಇದೆ, ಅದು ನಿಮಗೆ ಗೊತ್ತು. ಆದರೆ ಅದರ ಬೆನ್ನಿಗೆ ಅಂಟಿಕೊಂಡು ಇನ್ನೂ ನಾಲ್ಕು ಪುಟಾಣಿ ಗ್ರಂಥಿಗಳು ಕೂತಿವೆ! ನಾಲ್ಕನ್ನೂ ಒಟ್ಟಿಗೆ ತೂಗಿದರೂ ಅರ್ಧ ಗ್ರಾಂ ಆಗುವುದಿಲ್ಲ. ಬೆರಳಿಗೆ ಸಿಗುವುದಿಲ್ಲ, ಕನ್ನಡಿಯಲ್ಲಿ ಕಾಣುವುದಿಲ್ಲ. ಹೆಸರು ಪ್ಯಾರಾಥೈರಾಯ್ಡ್. ನಿಮ್ಮ ರಕ್ತದಲ್ಲಿ ಎಷ್ಟು ಕ್ಯಾಲ್ಸಿಯಂ ಇರಬೇಕು ಎಂಬ ಲೆಕ್ಕವೆಲ್ಲ ಇವುಗಳದೇ!

ಈಗ ಊಹಿಸಿ ನೋಡೋಣ. ಈ ಗ್ರಂಥಿಯನ್ನು ವಿಜ್ಞಾನ ಮೊದಲು ಕಂಡದ್ದು ಯಾರ ಕುತ್ತಿಗೆಯಲ್ಲಿ? ಯಾವುದೋ ರಾಜನದೇ? ಗಲ್ಲಿಗೇರಿದ ಕೈದಿಯದೇ?

ಅಲ್ಲ. ಖಡ್ಗಮೃಗದ ಕುತ್ತಿಗೆಯಲ್ಲಿ! ಅದೂ ನಮ್ಮ ಭಾರತದ ಒಂಟಿಕೊಂಬಿನ ಖಡ್ಗಮೃಗ!

1834ರಲ್ಲಿ ಲಂಡನ್ನಿನ ಪ್ರಾಣಿಸಂಗ್ರಹಾಲಯ ಅದನ್ನು ಕೊಂಡುಕೊಂಡಿತ್ತು. ಹದಿನೈದು ವರ್ಷ ಅಲ್ಲೇ ಬಾಳಿತು. 1849ರಲ್ಲಿ ಸತ್ತಿತು. ಪಕ್ಕೆಲುಬು ಮುರಿದು ಶ್ವಾಸಕೋಶಕ್ಕೆ ಚುಚ್ಚಿತ್ತು. ಮುರಿದದ್ದು ಯಾರು ಅಂತೀರಿ? ಅಲ್ಲಿಯೇ ಇದ್ದ ಆನೆ ಎನ್ನುತ್ತಾರೆ! ಆ ಬೃಹತ್ ದೇಹವನ್ನು ಕೊಯ್ದು ನೋಡಿದವರು ರಿಚರ್ಡ್ ಓವೆನ್. ಟನ್ನುಗಟ್ಟಲೆ ಮಾಂಸದ ನಡುವೆ, ಥೈರಾಯ್ಡಿನ ಪಕ್ಕ, ಒಂದು ಸಣ್ಣ ಹಳದಿ ಗಂಟು ಅವರ ಕಣ್ಣಿಗೆ ಬಿತ್ತು. ಎಂಥ ಕಣ್ಣಿರಬೇಕು ನೋಡಿ!

ಮನುಷ್ಯರಲ್ಲೂ ಅದು ಇದೆ ಎಂದು ತೋರಿಸಿಕೊಟ್ಟದ್ದು 1880ರಲ್ಲಿ, ಸ್ವೀಡನ್ನಿನ ಉಪ್ಸಾಲದ ಇವಾರ್ ಸ್ಯಾಂಡ್‌ಸ್ಟ್ರೋಮ್. ಆಗಿನ್ನೂ ಅವರು ವೈದ್ಯ ವಿದ್ಯಾರ್ಥಿ! ದೊಡ್ಡ ಜರ್ಮನ್ ಪತ್ರಿಕೆಯೊಂದು ಅವರ ಲೇಖನ ಉದ್ದವಾಯಿತು ಎಂದು ಹಿಂದಕ್ಕೆ ಕಳಿಸಿತು. ಮನುಷ್ಯದೇಹದಲ್ಲಿ ಹೊಸ ಅಂಗವೊಂದು ಸಿಕ್ಕಿದೆ ಎಂದರೆ, ಪುಟ ಜಾಸ್ತಿಯಾಯಿತು ಎಂದರಂತೆ!

ಇರಲಿ. ಇಷ್ಟು ಚಿಕ್ಕ ಗ್ರಂಥಿ ಕೆಟ್ಟರೆ ಏನಾದೀತು?

ಕಲ್ಲು! ಹೌದು, ಮೂತ್ರಪಿಂಡದ ಕಲ್ಲು. ಈ ಗ್ರಂಥಿಯಲ್ಲಿ ಗಡ್ಡೆ ಬೆಳೆದರೆ ಅದು ಹಾರ್ಮೋನನ್ನು ಲೆಕ್ಕವಿಲ್ಲದೆ ಸುರಿಯುತ್ತದೆ. ಹಾರ್ಮೋನು ಮೂಳೆಯೊಳಗಿನ ಕ್ಯಾಲ್ಸಿಯಂ ಅನ್ನು ಎಳೆದು ರಕ್ತಕ್ಕೆ ತರುತ್ತದೆ. ರಕ್ತದಿಂದ ಅದು ಮೂತ್ರಕ್ಕೆ ಇಳಿಯುತ್ತದೆ. ಅಲ್ಲಿ ಕಲ್ಲಾಗುತ್ತದೆ. ಕುತ್ತಿಗೆಯಲ್ಲಿ ಕಳ್ಳ, ಸೊಂಟದಲ್ಲಿ ನೋವು!

ನಮ್ಮ ಮ್ಹೈಸಾಳದವರಿಗೆ, ಗಡಿಯಾಚೆಯ ಕಾಗವಾಡ, ಶೇಡಬಾಳ, ಅಥಣಿಯವರಿಗೆ ಯಾವ ನೋವು ಬಂದರೂ ಬಸ್ಸು ಹತ್ತುವುದು ಮಿರಜಕ್ಕೆ. 1894ರಲ್ಲಿ ವಾನ್‌ಲೆಸ್ ಸಾಹೇಬರು ಆಸ್ಪತ್ರೆ ತೆರೆದ ಕಾಲದಿಂದಲೂ ಹಾಗೆಯೇ. ಕಲ್ಲು ತೆಗೆಸಿಕೊಂಡು ಬಂದವರ ಬಾಯಲ್ಲಿ ಕೇಳುವುದು ಒಂದೇ ಮಾತು: ‘ನೀರು ಸರಿಯಿಲ್ಲ್ರಿ.’ ಬಹುಪಾಲು ಕಲ್ಲಿಗೂ ಈ ಗ್ರಂಥಿಗೂ ಸಂಬಂಧ ಇಲ್ಲ, ನಿಜ. ಆದರೆ ಕೆಲವು ಮನೆತನಗಳಲ್ಲಿ ಸಂಬಂಧ ಇದೆ. ಆ ಮನೆತನಗಳ ಕತೆಯೇ ಈ ಲೇಖನ!

1954ರಲ್ಲಿ ಪಾಲ್ ವರ್ಮರ್ ಎಂಬ ವೈದ್ಯರು ಅಂಥ ಒಂದು ಕುಟುಂಬವನ್ನು ಕಂಡರು. ಒಂದೇ ಮನೆಯಲ್ಲಿ ಹಲವರಿಗೆ ಗಡ್ಡೆ. ಅದೂ ಒಂದೊಂದು ಕಡೆಯಲ್ಲ! ಕುತ್ತಿಗೆಯ ಪ್ಯಾರಾಥೈರಾಯ್ಡ್, ಮಿದುಳಿನ ಬುಡದ ಪಿಟ್ಯುಟರಿ, ಹೊಟ್ಟೆಯ ಮೇದೋಜೀರಕ ಗ್ರಂಥಿ. ಮೂರಕ್ಕೂ ನೇರ ಸಂಪರ್ಕವೇ ಇಲ್ಲ. ಆದರೂ ಒಬ್ಬನೇ ಮನುಷ್ಯನಲ್ಲಿ ಮೂರೂ ಕೆಡುತ್ತವೆ!

ಒಬ್ಬರಿಗೆ ಕಲ್ಲು. ಇನ್ನೊಬ್ಬರಿಗೆ ಎಷ್ಟು ಔಷಧಿ ಕುಡಿದರೂ ಮಾಯದ ಹೊಟ್ಟೆಹುಣ್ಣು. ಮತ್ತೊಬ್ಬರಿಗೆ ಇದ್ದಕ್ಕಿದ್ದಂತೆ ಸಕ್ಕರೆ ಇಳಿದು ಕಣ್ಣು ಕತ್ತಲೆ. ಹೆರದ ಹೆಣ್ಣಿಗೆ ಎದೆಹಾಲು! ಎಲ್ಲದಕ್ಕೂ ಬೇರು ಒಂದೇ. ಈ ಕಾಯಿಲೆಗೆ ಚಿಕ್ಕದಾಗಿ ಮೆನ್-1 ಎನ್ನುತ್ತಾರೆ. ಸುಮಾರು 30,000 ಜನರಲ್ಲಿ ಒಬ್ಬರಿಗೆ ಬರುತ್ತದೆ. ತಂದೆಗೋ ತಾಯಿಗೋ ಇದ್ದರೆ ಪ್ರತಿ ಮಗುವಿಗೂ ಬರುವ ಸಾಧ್ಯತೆ ಎಷ್ಟು ಗೊತ್ತೇ? ಸರಿಯಾಗಿ ಅರ್ಧ!

ಹಾಗಾದರೆ ತಪ್ಪು ಎಲ್ಲಿದೆ? ಯಾವ ಜೀನಿನಲ್ಲಿ?

1988ರಲ್ಲಿ ಸ್ವೀಡನ್ನಿನವರು ಜಾಗ ತೋರಿಸಿದರು: 11ನೇ ಕ್ರೋಮೋಸೋಮು. ಆದರೆ ಅದು ತಾಲೂಕು ತೋರಿಸಿದಂತೆ, ಮನೆ ನಂಬರು ಸಿಕ್ಕಿರಲಿಲ್ಲ. ಲಕ್ಷಾಂತರ ಅಕ್ಷರಗಳ ಆ ಪಟ್ಟಿಯೊಳಗೆ ಒಂದೇ ಒಂದು ಜೀನನ್ನು ಹುಡುಕಬೇಕು. ಹಲವು ದೇಶಗಳ ತಂಡಗಳು ಪೈಪೋಟಿಗೆ ಬಿದ್ದವು. ಒಂದು ವರ್ಷ, ಎರಡು ವರ್ಷ, ಐದು ವರ್ಷ… ಸಿಗಲಿಲ್ಲ!

ಸಿಕ್ಕಿದ್ದು 1997ರ ಏಪ್ರಿಲ್‌ನಲ್ಲಿ. ‘ಸೈನ್ಸ್’ ಪತ್ರಿಕೆ ಪ್ರಕಟಿಸಿತು. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯ ದೊಡ್ಡ ತಂಡ. ಮಾನವ ಜೀನೋಮ್ ಯೋಜನೆಯ ಮುಂದಾಳು ಫ್ರಾನ್ಸಿಸ್ ಕಾಲಿನ್ಸ್ ಕೂಡ ಅದರಲ್ಲಿದ್ದರು. ಇಪ್ಪತ್ತಕ್ಕೂ ಹೆಚ್ಚು ಲೇಖಕರು!

ಈಗ ನಿಮಗೊಂದು ಪ್ರಶ್ನೆ. ಆ ಪಟ್ಟಿಯಲ್ಲಿ ಮೊದಲ ಹೆಸರು ಯಾರದು? ಕಾಲಿನ್ಸ್? ಇಲ್ಲ. ಯಾವುದೋ ಜಾನ್, ಯಾವುದೋ ರಾಬರ್ಟ್? ಇಲ್ಲ, ಇಲ್ಲ!

ಸೆಟ್ಟರ ಚಂದ್ರಶೇಖರಪ್ಪ!

ಇನ್ನೊಮ್ಮೆ ಓದಿ. ಚಂದ್ರಶೇಖರಪ್ಪ! ನಮ್ಮ ಜಾತ್ರೆಯಲ್ಲಿ ಕೂಗಿದರೆ ಹತ್ತು ಜನ ತಿರುಗಿ ನೋಡುವ ಹೆಸರು. ಎರಡನೆಯ ಹೆಸರು? ಸಿರದನಹಳ್ಳಿ ಗುರು! ಜಗತ್ತಿನ ದೊಡ್ಡ ವಿಜ್ಞಾನ ಪತ್ರಿಕೆಯಲ್ಲಿ, ಮೊದಲ ಎರಡು ಜಾಗದಲ್ಲಿ, ಒಬ್ಬ ಅಪ್ಪ, ಒಂದು ಹಳ್ಳಿ! ನನಗಂತೂ ಮೈ ಜುಮ್ಮೆಂದಿತು. ನಿಮಗೆ?

ಅವರು ಕಂಡದ್ದೇನು? ಹದಿನೈದು ಕುಟುಂಬಗಳನ್ನು ಪರೀಕ್ಷೆಗೆ ತೆಗೆದುಕೊಂಡರು. ಒಂದೇ ಜೀನಿನಲ್ಲಿ ತಪ್ಪು ಇದೆಯೇ ಎಂದು ನೋಡಿದರು. ಎಷ್ಟು ಕುಟುಂಬಗಳಲ್ಲಿ ಸಿಕ್ಕಿತು? ಐದು? ಎಂಟು?

ಹದಿನಾಲ್ಕರಲ್ಲಿ! ಹನ್ನೆರಡು ಬೇರೆಬೇರೆ ಬಗೆಯ ತಪ್ಪುಗಳು, ಆದರೆ ಎಲ್ಲವೂ ಅದೇ ಜೀನಿನಲ್ಲಿ! ಒಂಬತ್ತು ವರ್ಷದ ಹುಡುಕಾಟ ಮುಗಿಯಿತು.

ಆ ಜೀನು ಕಟ್ಟುವ ಪ್ರೋಟೀನಿಗೆ ಮೆನಿನ್ ಎಂದು ಹೆಸರಿಟ್ಟರು. 610 ಅಮೈನೋ ಆಮ್ಲಗಳ ಸರಣಿ. ಇದು ಯಾವ ಕೆಲಸ ಮಾಡುತ್ತದೆ ಎಂದು ತಿಳಿಯಲು, ಆಗ ಗೊತ್ತಿದ್ದ ಪ್ರೋಟೀನುಗಳ ಜೊತೆ ಹೋಲಿಸಿದರು. ಯಾವುದಕ್ಕೂ ಹೊಂದಲಿಲ್ಲ. ಒಂದಕ್ಕೂ ಇಲ್ಲ! ದಾಯಾದಿಯೇ ಇಲ್ಲದ ಒಂಟಿ ಪ್ರೋಟೀನು. ಹಿಡಿದವರಿಗೇ ಇದು ಏನೆಂದು ಗೊತ್ತಿಲ್ಲ!

ಈಗ ಏನು ಮಾಡುವುದು? ಮನುಷ್ಯನ ಜೀನು ತೆಗೆದು ನೋಡುವ ಹಾಗಿಲ್ಲ. ಯಾರನ್ನು ಕೇಳುವುದು?

ಇಲಿಯನ್ನು!

ಕಬ್ಬಿನ ಹೊಲದಲ್ಲಿ ಇಲಿ ಕಂಡರೆ ನಾವು ಬಡಿಗೆ ಹುಡುಕುತ್ತೇವೆ. ಅದೇ ಇಲಿಯ 19ನೇ ಕ್ರೋಮೋಸೋಮಿನಲ್ಲಿ ಇದೇ ಜೀನು ಕೂತಿದೆ. ಇಲಿಯ ಮೆನಿನ್ನಿಗೂ ನಮ್ಮ ಮೆನಿನ್ನಿಗೂ ಹೋಲಿಕೆ ಎಷ್ಟಿರಬಹುದು? ಅರ್ಧದಷ್ಟು? ಮುಕ್ಕಾಲು?

ಸುಮಾರು 97 ಪ್ರತಿಶತ! ನೂರು ಅಕ್ಷರ ಓದಿದರೆ ಮೂರರಲ್ಲಿ ಮಾತ್ರ ಫರಕು. ಇಲಿಯ ಈ ಜೀನನ್ನು ಬಿಡಿಸಿ ಓದಿದವರಲ್ಲೂ ಒಬ್ಬರು ಅದೇ ಸಿರದನಹಳ್ಳಿ ಗುರು!

ಮುಂದಿನ ಹೆಜ್ಜೆ 2001ರಲ್ಲಿ. ಜೂಡಿ ಕ್ರ್ಯಾಬ್‌ಟ್ರೀ ಮತ್ತು ಸಂಗಡಿಗರು ಇಲಿಯಲ್ಲಿ ಆ ಜೀನನ್ನು ಕೆಡಿಸಿದರು. ಪ್ರತಿ ಜೀನಿಗೂ ಎರಡು ಪ್ರತಿ ಇರುತ್ತವೆ, ತಂದೆಯದೊಂದು, ತಾಯಿಯದೊಂದು. ಎರಡನ್ನೂ ಕೆಡಿಸಿದರೆ ಏನಾಯಿತು? ಮರಿಯೇ ಹುಟ್ಟಲಿಲ್ಲ! ಹನ್ನೊಂದು ಹನ್ನೆರಡು ದಿನಕ್ಕೆ ಗರ್ಭದಲ್ಲೇ ಸತ್ತವು. ಅಂದರೆ ಈ ಪ್ರೋಟೀನು ಗಡ್ಡೆ ತಡೆಯಲಿಕ್ಕೆ ಮಾತ್ರ ಇರುವುದಲ್ಲ, ಹುಟ್ಟಲಿಕ್ಕೇ ಬೇಕು!

ಒಂದು ಪ್ರತಿ ಮಾತ್ರ ಕೆಡಿಸಿದರೆ? ಮರಿ ಆರೋಗ್ಯವಾಗಿ ಹುಟ್ಟಿತು. ಓಡಾಡಿತು. ತಿಂದು ಕೊಬ್ಬಿತು. ವಿಜ್ಞಾನಿಗಳು ಕಾದರು. ಒಂಬತ್ತು ತಿಂಗಳು ಕಳೆದವು. ಆಗ ನೋಡಿದರೆ ಮೇದೋಜೀರಕದಲ್ಲಿ ಗಡ್ಡೆ! ಪ್ಯಾರಾಥೈರಾಯ್ಡಿನಲ್ಲಿ ಗಡ್ಡೆ! ಹದಿನಾರು ತಿಂಗಳಾಗುವಷ್ಟರಲ್ಲಿ ಪಿಟ್ಯುಟರಿಯಲ್ಲೂ ಥೈರಾಯ್ಡಿನಲ್ಲೂ ಅಡ್ರಿನಲ್ ಗ್ರಂಥಿಯಲ್ಲೂ!

ವರ್ಮರ್ ಕಂಡ ಮನೆತನದ ಕಾಯಿಲೆ, ಚಾಚೂ ತಪ್ಪದೆ, ಅಂಗೈ ಮೇಲೆ ಕೂರುವ ಪ್ರಾಣಿಯಲ್ಲಿ!

ಇನ್ನೂ ರೋಮಾಂಚಕ ಸಂಗತಿ ಕೇಳಿ. ಆ ಗಡ್ಡೆಗಳ ಜೀನನ್ನು ಓದಿ ನೋಡಿದರು. ಇಲಿಯ ಉಳಿದ ಮೈಯಲ್ಲಿ ಒಂದು ಒಳ್ಳೆಯ ಪ್ರತಿ ಇದ್ದೇ ಇತ್ತಲ್ಲ? ಪರೀಕ್ಷಿಸಿದ ಪ್ರತಿ ಗಡ್ಡೆಯಲ್ಲೂ ಆ ಒಳ್ಳೆಯ ಪ್ರತಿ ಮಾಯ! ಮೊದಲ ಪೆಟ್ಟು ಹುಟ್ಟಿನಲ್ಲಿ, ಎರಡನೆಯ ಪೆಟ್ಟು ಬದುಕಿನಲ್ಲಿ. ಎರಡೂ ಬಿದ್ದ ಜೀವಕೋಶವೇ ಗಡ್ಡೆಯಾಗುತ್ತದೆ. ಆಲ್ಫ್ರೆಡ್ ನುಡ್‌ಸನ್ 1971ರಲ್ಲಿ ಮಕ್ಕಳ ಕಣ್ಣಿನ ಕ್ಯಾನ್ಸರ್ ನೋಡಿ ಲೆಕ್ಕ ಹಾಕಿ ಹೇಳಿದ್ದ ಮಾತು ಇಲಿಯ ಕುತ್ತಿಗೆಯಲ್ಲೂ ನಿಜವಾಯಿತು.

ಆದರೆ ತೊಡಕು ನೋಡಿ. ಎರಡೂ ಪ್ರತಿ ಇಲ್ಲದ ಗ್ರಂಥಿ ಹೇಗೆ ಬೆಳೆಯುತ್ತದೆ ಎಂದು ಮೊದಲಿನಿಂದ ನೋಡಬೇಕು. ಎರಡೂ ಇಲ್ಲದಿದ್ದರೆ ಮರಿಯೇ ಹುಟ್ಟುವುದಿಲ್ಲ! ಬಿಡಿಸುವುದು ಹೇಗೆ?

ಇಲ್ಲಿದೆ ಜಾಣತನ. ಕಬ್ಬಿನ ಜಲ್ಲೆಯನ್ನು ಕಣ್ಣ ಮುಂದೆ ತಂದುಕೊಳ್ಳಿ. ಎರಡು ಗಣಿಕೆಗೆ ಸುಣ್ಣದ ಗುರುತು ಹಾಕುತ್ತೀರಿ. ಜಲ್ಲೆ ಹಾಗೆಯೇ ನಿಂತಿರುತ್ತದೆ, ಬೆಳೆಯುತ್ತಿರುತ್ತದೆ, ಏನೂ ಆಗುವುದಿಲ್ಲ. ಯಾವ ಹೊಲಕ್ಕೆ ಕುಡುಗೋಲಿನವನು ಬರುತ್ತಾನೋ ಆ ಹೊಲದಲ್ಲಿ ಮಾತ್ರ ಗುರುತಿನ ನಡುವಿನ ತುಂಡು ಹೋಗುತ್ತದೆ. ಇಲಿಯ ಜೀನಿನಲ್ಲೂ ಹೀಗೆ ಎರಡು ಗುರುತು ಹಾಕುತ್ತಾರೆ, ಒಂದೊಂದೂ ಬರೀ 34 ಅಕ್ಷರ. ಕತ್ತರಿಸುವ ಪ್ರೋಟೀನಿನ ಹೆಸರು ಕ್ರೀ. ಅದನ್ನು ಎಲ್ಲಿಂದ ತಂದರು? ಬ್ಯಾಕ್ಟೀರಿಯಾವನ್ನು ಕಾಡುವ ಒಂದು ವೈರಸ್ಸಿನಿಂದ! ಅದು ಇನ್ಸುಲಿನ್ ತಯಾರಿಸುವ ಕೋಶದಲ್ಲಿ ಮಾತ್ರ ಏಳುವ ಹಾಗೆ ಕಟ್ಟಿದರೆ ಸರಿ, ಅಲ್ಲಿ ಮಾತ್ರ ಜೀನು ಹೋಗುತ್ತದೆ. ಉಳಿದ ಮೈ ಕ್ಷೇಮ!

2003ರಲ್ಲಿ ಅದೇ ತಂಡ ಹೀಗೆಯೇ ಮಾಡಿತು. ಮರಿಗಳು ಹುಟ್ಟಿದವು! ಅರವತ್ತು ವಾರ ತುಂಬುವಷ್ಟರಲ್ಲಿ ನೂರಕ್ಕೆ ಎಂಬತ್ತಕ್ಕೂ ಹೆಚ್ಚು ಇಲಿಗಳ ಮೇದೋಜೀರಕದಲ್ಲಿ ಗಡ್ಡೆಗಳು. ರಕ್ತದಲ್ಲಿ ಇನ್ಸುಲಿನ್ ಏರಿತು, ಸಕ್ಕರೆ ಇಳಿಯಿತು. ಮನುಷ್ಯರ ಹಾಗೆಯೇ!

ಆದರೆ ಅರವತ್ತು ವಾರ ಏಕೆ ಬೇಕಾಯಿತು? ಜೀನಿನ ಎರಡೂ ಪ್ರತಿ ಎಳವೆಯಲ್ಲೇ ಹೋಗಿದ್ದವಲ್ಲ? ಅಂದರೆ ಅಷ್ಟೇ ಸಾಲದು, ಇನ್ನೂ ಏನೋ ಕೆಡಬೇಕು. ಉತ್ತರ ಕೊಡುವಾಗಲೇ ಇಲಿ ಹೊಸ ಪ್ರಶ್ನೆ ಕೇಳಿತು!

ಇನ್ನೊಂದು ಕೇಳಿ, ಇದಂತೂ ನನಗೆ ಎಲ್ಲಕ್ಕಿಂತ ಇಷ್ಟ. ಗರ್ಭಿಣಿಗೆ ಇನ್ಸುಲಿನ್ ಹೆಚ್ಚು ಬೇಕು. ಅದನ್ನು ತಯಾರಿಸುವ ಕೋಶಗಳು ಹೆಚ್ಚಬೇಕು. ಆದರೆ ಹೆಚ್ಚದಂತೆ ತಡೆಯುವುದೇ ಮೆನಿನ್ನಿನ ಕೆಲಸ! ಹಾಗಾದರೆ ದೇಹ ಏನು ಮಾಡುತ್ತದೆ?

ಗರ್ಭ ನಿಂತಿರುವಷ್ಟು ದಿನ ಮೆನಿನ್ನನ್ನು ತಾನೇ ಇಳಿಸಿಬಿಡುತ್ತದೆ! ಹೆರಿಗೆಯಾದ ಮೇಲೆ ಮತ್ತೆ ಏರಿಸುತ್ತದೆ! 2007ರಲ್ಲಿ ಸ್ಟ್ಯಾನ್‌ಫರ್ಡ್‌ನ ಸತ್ಯಜಿತ್ ಕಾರ್ಣಿಕ್ ಮತ್ತು ಸಂಗಡಿಗರು ಬಸುರಿ ಇಲಿಗಳಲ್ಲಿ ಇದನ್ನು ಕಂಡರು. ಮೆನಿನ್ ಇಳಿಯದಂತೆ ಬಲವಂತವಾಗಿ ಹಿಡಿದಿಟ್ಟಾಗ? ಬಸುರಿ ಇಲಿಗೆ ಸಕ್ಕರೆ ಕಾಯಿಲೆ ಬಂತು! ನಮ್ಮ ಬಸುರಿಯರಿಗೆ ತಪಾಸಣೆಯಲ್ಲಿ ‘ಸಕ್ಕರೆ ಅಂಶ ಬಂದಿದೆ’ ಎನ್ನುತ್ತಾರಲ್ಲ, ಆ ಬಗೆಯದೇ. ಅಪರೂಪದ ಗಡ್ಡೆ ಹುಡುಕಲು ಹೊರಟವರು ಮನೆಮನೆಯ ಸಂಗತಿಗೆ ಬಂದು ಮುಟ್ಟಿದರು!

ಇಷ್ಟೆಲ್ಲ ಸರಿ. ಇಂಥ ಒಂದು ಇಲಿಯನ್ನು ತಯಾರಿಸಲು ಎಷ್ಟು ಕಾಲ ಬೇಕು? ಹಳೆಯ ಪದ್ಧತಿಯಲ್ಲಿ ವರ್ಷವೇ ಹಿಡಿಯುತ್ತಿತ್ತು. ಒಮ್ಮೊಮ್ಮೆ ಎರಡು! ಭ್ರೂಣದ ಕಾಂಡಕೋಶದಲ್ಲಿ ಜೀನು ತಿದ್ದಿ, ಅದನ್ನು ಬೇರೆ ಭ್ರೂಣಕ್ಕೆ ಸೇರಿಸಿ, ಅರೆಬರೆ ಮರಿ ಪಡೆದು, ಅದರ ಮರಿಗೆ ಕಾದು… ಅದಕ್ಕೆ 2007ರ ನೊಬೆಲ್ ಬಂತು, ನ್ಯಾಯವೇ. ಆದರೆ ಹೀಗೆ ಗುರುತು ಹಾಕಿದ ಇಲಿ ಸಿಗುತ್ತಿದ್ದದ್ದು ಇಲಿಯ ಜೀನುಗಳ ಕಾಲುಭಾಗಕ್ಕೆ ಮಾತ್ರ.

2012ರಲ್ಲಿ ಕ್ರಿಸ್ಪರ್ ಬಂತು! ಜೆನಿಫರ್ ಡೌಡ್ನಾ, ಇಮ್ಯಾನ್ಯುಯೆಲ್ ಶಾರ್ಪೆಂಟಿಯೆ, ಇಬ್ಬರು ಹೆಣ್ಣುಮಕ್ಕಳು, 2020ರಲ್ಲಿ ನೊಬೆಲ್! ಡಿಎನ್‌ಎಯಲ್ಲಿ ಬೇಕಾದ ಜಾಗ ಹುಡುಕಿ ಕತ್ತರಿಸುವ ಪ್ರೋಟೀನು, ಹೆಸರು ಕ್ಯಾಸ್-9. ಇದು ಯಾವ ಬ್ಯಾಕ್ಟೀರಿಯಾದ್ದು ಊಹಿಸಿ. ಗಂಟಲುನೋವು ತರುವ ಬ್ಯಾಕ್ಟೀರಿಯಾದ್ದು! ಗಂಟಲು ಕೆಡಿಸುವ ಜೀವಿಯಿಂದ ಬಂದ ಸಾಧನದಲ್ಲಿ ಈಗ ಕುತ್ತಿಗೆಯ ಗಡ್ಡೆಯ ಗುಟ್ಟು ಹುಡುಕುತ್ತಿದ್ದಾರೆ.

ಎಲ್ಲರೂ ಕುಣಿದಾಡಿದರು. 2013ರಲ್ಲಿ ಒಂದು ಪ್ರಬಂಧ ಬಂತು. ಒಂದೇ ಕೋಶದ ಭ್ರೂಣಕ್ಕೆ ಕ್ರಿಸ್ಪರ್ ಜೊತೆ ಎರಡು ಚಿಕ್ಕ ಡಿಎನ್‌ಎ ತುಂಡು ಕೊಡಿ, ಎರಡು ಗಣಿಕೆಗೂ ಒಮ್ಮೆಗೇ ಗುರುತು ಬೀಳುತ್ತದೆ. ನೂರಕ್ಕೆ ಹದಿನಾರು ಮರಿಗಳವರೆಗೆ ಸರಿಯಾಗಿ ಬರುತ್ತವೆ! ಜಗತ್ತಿನ ಲ್ಯಾಬುಗಳೆಲ್ಲ ಹಿಂದೆ ಬಿದ್ದವು. ಮಾಡಿದರು. ಮತ್ತೆ ಮಾಡಿದರು. ಆಗಲಿಲ್ಲ. ‘ನಮ್ಮ ಕೈಯೇ ಸರಿಯಿಲ್ಲವೇನೋ’ ಎಂದು ಒಬ್ಬೊಬ್ಬರೂ ಸುಮ್ಮನಾದರು.

ಇಲ್ಲಿ ಬರುತ್ತದೆ ಇನ್ನೊಂದು ಹೆಸರು. ಅಮೆರಿಕದ ನೆಬ್ರಾಸ್ಕ ವಿಶ್ವವಿದ್ಯಾಲಯದ ವೈದ್ಯಕೀಯ ಕೇಂದ್ರ, ಒಮಾಹಾ ನಗರ. ಅಲ್ಲಿ ಇಲಿಗಳ ಜೀನೋಮು ತಿದ್ದುವ ವಿಭಾಗದ ಮುಖ್ಯಸ್ಥರು. ಯಾರು?

ಚನ್ನಬಸವಯ್ಯ ಗುರುಮೂರ್ತಿ!

ಮೊದಲು ಚಂದ್ರಶೇಖರಪ್ಪ, ಈಗ ಚನ್ನಬಸವಯ್ಯ. ಗಡ್ಡೆಯ ಜೀನು ಹಿಡಿದ ಕಡೆ ಒಬ್ಬರು, ಇಲಿಯ ಜೀನು ತಿದ್ದುವ ಕಡೆ ಇನ್ನೊಬ್ಬರು! ಈ ಎರಡು ಹೆಸರನ್ನು ನಮ್ಮ ಮಕ್ಕಳ ಪಾಠದಲ್ಲಿ ನೀವು ಓದಿದ್ದೀರಾ? ನಾನಂತೂ ಓದಿಲ್ಲ.

ಗುರುಮೂರ್ತಿ ಮತ್ತು ಸಂಗಡಿಗರು ಏನು ಮಾಡಿದರು? ಜಗತ್ತಿನ ಇಪ್ಪತ್ತು ಪ್ರಯೋಗಾಲಯಗಳ ಲೆಕ್ಕವನ್ನೆಲ್ಲ ಒಟ್ಟು ಹಾಕಿದರು. ಗೆದ್ದದ್ದಷ್ಟೇ ಅಲ್ಲ, ಸೋತದ್ದನ್ನೂ! 56 ಜಾಗಗಳಲ್ಲಿ ಮಾಡಿದ ಪ್ರಯತ್ನ. 17,887 ಭ್ರೂಣಗಳು! ಅವುಗಳಲ್ಲಿ ಜೀವಂತ ಹುಟ್ಟಿದ ಮರಿಗಳು 1,718.

ನೂರಕ್ಕೆ ಹದಿನಾರರ ಲೆಕ್ಕ ಹಿಡಿದರೆ 275 ಮರಿಗಳು ಸರಿಯಾಗಿರಬೇಕು. ಎಷ್ಟಿದ್ದವು? ಹೇಳಿ! ಇನ್ನೂರು? ನೂರು? ಐವತ್ತು?

ಹದಿನೈದು.

ಹದಿನೈದೇ ಹದಿನೈದು! ನೂರಕ್ಕೆ ಒಂದೂ ಇಲ್ಲ, 0.87! ಕಾರಣ ಹುಡುಕಲು ಕಂಪ್ಯೂಟರಿಗೂ ಲೆಕ್ಕ ಕೊಟ್ಟರು. ಯಾವ ಅಂಶ ಬದಲಿಸಿದರೆ ಗೆಲುವು ಎಂದು ಅದಕ್ಕೂ ಹೇಳಲಾಗಲಿಲ್ಲ. ಯಾರ ಕೈಯೂ ಕೆಟ್ಟಿರಲಿಲ್ಲ, ಪದ್ಧತಿಯೇ ಸೋಲುತ್ತಿತ್ತು! ಎರಡು ಕಡೆ ಒಮ್ಮೆಗೇ ಕತ್ತರಿಸಿದರೆ ನಡುವಿನ ತುಂಡೇ ಬಿದ್ದುಹೋಗುತ್ತದೆ, ಇಲ್ಲವೇ ಒಂದು ಗಣಿಕೆಗೆ ಗುರುತು ಬಿದ್ದು ಇನ್ನೊಂದು ಹಾಳಾಗುತ್ತದೆ. 2019ರಲ್ಲಿ ಅವರು ಇದನ್ನು ‘ಜೀನೋಮ್ ಬಯಾಲಜಿ’ಯಲ್ಲಿ ಪ್ರಕಟಿಸಿದರು. ನನ್ನನ್ನು ಕೇಳಿದರೆ ಈ ಇಡೀ ಕತೆಯಲ್ಲಿ ಅತ್ಯಂತ ದಿಟ್ಟ ಪ್ರಬಂಧ ಇದು. ಸೋಲಿನ ಲೆಕ್ಕವನ್ನು ಇಷ್ಟು ಚೊಕ್ಕವಾಗಿ ಬರೆದಿಡುವವರು ಎಷ್ಟು ಜನ?

ಸೋಲು ತೋರಿಸಿ ಕೈಕಟ್ಟಿ ಕೂತರೇ? ಇಲ್ಲ, ಬೇರೆ ದಾರಿಯನ್ನು ಎರಡು ವರ್ಷ ಮೊದಲೇ, 2017ರಲ್ಲಿ, ತೆರೆದಿಟ್ಟಿದ್ದರು! ಅದರ ಹೆಸರು ಈಸಿ-ಕ್ರಿಸ್ಪರ್. ರೋಲೆನ್ ಕ್ವಾಡ್ರೋಸ್ ಮೊದಲ ಲೇಖಕರು. ಉಪಾಯ ಕೇಳಿದರೆ ‘ಇಷ್ಟೇನಾ’ ಅನ್ನುತ್ತೀರಿ. ಎರಡು ಚಿಕ್ಕ ತುಂಡು ಕೊಡುವ ಬದಲು ಒಂದೇ ಉದ್ದ ಎಳೆ ಕೊಡಿ! ಎರಡೂ ಗುರುತು ಮೊದಲೇ ಹಾಕಿದ ಇಡೀ ಜಲ್ಲೆಯನ್ನೇ ತಂದು ಹಳೆಯದರ ಜಾಗದಲ್ಲಿ ಕೂರಿಸಿದಂತೆ. ಅದೂ ಜೋಡಿ ಎಳೆಯ ಡಿಎನ್‌ಎ ಅಲ್ಲ, ಒಂಟಿ ಎಳೆಯದು.

ಫಲ? ಹನ್ನೆರಡಕ್ಕೂ ಹೆಚ್ಚು ಜಾಗಗಳಲ್ಲಿ ನೋಡಿದರು. ಕಡಿಮೆಯೆಂದರೆ ಹುಟ್ಟಿದ ಮರಿಗಳಲ್ಲಿ 8.5 ಪ್ರತಿಶತ ಸರಿ. ಹೆಚ್ಚೆಂದರೆ?

ನೂರಕ್ಕೆ ನೂರು!

ಉಸಿರು ಬಿಡಿ. ಇನ್ನೂ ಮುಗಿದಿಲ್ಲ!

ಇಲ್ಲಿಯವರೆಗಿನ ಎಲ್ಲ ಪದ್ಧತಿಗೂ ಒಂದು ಕ್ರೌರ್ಯ ಅಂಟಿಕೊಂಡಿತ್ತು. ತಾಯಿ ಇಲಿಯನ್ನು ಕೊಂದು ಭ್ರೂಣ ತೆಗೆಯಬೇಕು. ಸೂಕ್ಷ್ಮದರ್ಶಕದ ಕೆಳಗೆ ಕೂದಲಿಗಿಂತ ಸಣ್ಣ ಗಾಜಿನ ಸೂಜಿಯಿಂದ ಒಂದೊಂದಕ್ಕೇ ಚುಚ್ಚಬೇಕು. ಆಮೇಲೆ ಬಾಡಿಗೆ ತಾಯಿಯ ಹೊಟ್ಟೆಗೆ ಸೇರಿಸಬೇಕು. ದುಬಾರಿ ಯಂತ್ರ, ವರ್ಷಗಟ್ಟಲೆ ಪಳಗಿದ ಕೈ ಬೇಕು.

ಭ್ರೂಣವನ್ನು ಹೊರಗೆ ತೆಗೆಯದೇ ತಿದ್ದಿದರೆ? ತಾಯಿಯ ಹೊಟ್ಟೆಯಲ್ಲೇ?

ಹುಚ್ಚು ಮಾತು ಅಂತೀರಾ? ಜಪಾನಿನ ತೊಕಾಯ್ ವಿಶ್ವವಿದ್ಯಾಲಯದ ಮಸಾತೊ ಒಹ್ತ್ಸುಕಾ ಇದನ್ನೇ ಮಾಡಿದರು! 2018ರ ಸುಧಾರಿತ ಪದ್ಧತಿಯಲ್ಲಿ ಗುರುಮೂರ್ತಿಯವರೂ ಜೊತೆಗಿದ್ದರು. ಹೆಸರು ಐ-ಗೊನಾಡ್. ಗರ್ಭ ನಿಂತ ಮೊದಲ ದಿನವೇ ತಾಯಿ ಇಲಿಗೆ ಅರಿವಳಿಕೆ ಕೊಡುತ್ತಾರೆ. ಬೆನ್ನಿನ ಬಳಿ ಸಣ್ಣ ಗಾಯ ಮಾಡಿ ಅಂಡನಾಳವನ್ನು ಹೊರಗೆಳೆಯುತ್ತಾರೆ. ಅದರೊಳಗೆ ಕ್ರಿಸ್ಪರ್ ದ್ರಾವಣದ ಒಂದು ಹನಿಗಿಂತಲೂ ಕಡಿಮೆ. ಚಿಮಟದಂಥ ವಿದ್ಯುದ್ವಾರದಿಂದ ನಾಳವನ್ನು ಹಿಡಿದು ಕ್ಷಣಮಾತ್ರ ವಿದ್ಯುತ್ತು ಹರಿಸುತ್ತಾರೆ. ಮತ್ತೆ ಒಳಗಿಟ್ಟು ಹೊಲಿಗೆ. ಮುಗಿಯಿತು!

ತಾಯಿ ಎಚ್ಚರವಾಗುತ್ತದೆ. ಓಡಾಡುತ್ತದೆ. ಮೂರು ವಾರದೊಳಗೆ ತಾನೇ ಹೆರುತ್ತದೆ. ಮುಂದೆ ಮತ್ತೆ ಗರ್ಭ ಧರಿಸಬಲ್ಲದು!

ಕೆಲಸ ಆಗಿದೆಯೇ ಎಂದು ತಿಳಿಯುವುದು ಹೇಗೆ? ಅವರು ಆರಿಸಿಕೊಂಡ ಒಂದು ಪರೀಕ್ಷೆ ಎಷ್ಟು ಸೊಗಸು ನೋಡಿ. ಪ್ರಯೋಗಾಲಯದ ಬಿಳಿ ಇಲಿ ಏಕೆ ಬಿಳಿ? ಬಣ್ಣದ ಜೀನಿನಲ್ಲಿ ಒಂದೇ ಒಂದು ಅಕ್ಷರ ತಪ್ಪಾಗಿದೆ. ಆ ಒಂದು ಅಕ್ಷರವನ್ನು ಗರ್ಭದಲ್ಲೇ ತಿದ್ದಿದರು. ಬಿಳಿ ತಂದೆ, ಬಿಳಿ ತಾಯಿ, ಕೆಂಪು ಕಣ್ಣು.

ಹುಟ್ಟಿದ ಮರಿಗಳಲ್ಲಿ ಹಲವು ಬಣ್ಣದವು! ಕಪ್ಪು ಕಣ್ಣಿನವು!

ಫಲಿತಾಂಶ ತಿಳಿಯಲು ಯಂತ್ರವೇ ಬೇಡ, ಗೂಡಿನೊಳಗೆ ಇಣುಕಿದರೆ ಸಾಕು! ಅದೇ ವರ್ಷ ರ‍್ಯಾಟ್ ಎನ್ನುವ ದೊಡ್ಡ ಜಾತಿಯ ಇಲಿಗಳಲ್ಲೂ ಜಪಾನಿನವರು ಇದನ್ನು ಮಾಡಿ ತೋರಿಸಿದರು. ಅಲ್ಲೂ ಬಿಳಿ ತಾಯಿಗೆ ಬಣ್ಣದ ಮರಿ!

ದೊಡ್ಡ ಇಲಿ ಎಂದಾಗ ನೆನಪಾಯಿತು. ಜರ್ಮನಿಯ ಮ್ಯೂನಿಕ್ಕಿನಲ್ಲಿ ಅಂಥ ಇಲಿಗಳ ಒಂದು ವಂಶದಲ್ಲಿ ತಾನಾಗಿಯೇ ಗಡ್ಡೆಗಳು ಕಾಣಿಸಿಕೊಂಡವು. ಅಡ್ರಿನಲ್, ಪ್ಯಾರಾಥೈರಾಯ್ಡ್, ಪಿಟ್ಯುಟರಿ, ಥೈರಾಯ್ಡ್. ಜೊತೆಗೆ ಕಣ್ಣಿನ ಪೊರೆ! ಮೆನ್-1 ಜೀನೇ ಕೆಟ್ಟಿರಬೇಕು ಎಂದು ನೋಡಿದರು. ಕೆಟ್ಟಿರಲಿಲ್ಲ! 2006ರಲ್ಲಿ ನಟಾಲಿಯಾ ಪೆಲ್ಲೆಗಾಟಾ ಅವರ ತಂಡ ಅಸಲಿ ಕಾರಣ ಹಿಡಿಯಿತು. ಪಿ-27 ಎಂಬ ಬೇರೆಯೇ ಪ್ರೋಟೀನಿನ ಜೀನು. ಬರೀ ಎಂಟು ಅಕ್ಷರ ಎರಡು ಸಲ ಬರೆದುಹೋಗಿತ್ತು!

ಆಮೇಲೆ ಅವರಿಗೊಂದು ಯೋಚನೆ ಬಂತು. ಮನುಷ್ಯರಲ್ಲೂ ಹೀಗಿರಬಹುದಲ್ಲ? ಹುಡುಕಿದರು. ಸಿಕ್ಕಿತು! ಮೆನ್-1 ಲಕ್ಷಣವಿದ್ದೂ ಆ ಜೀನು ಸರಿಯಿದ್ದ ಒಂದು ಕುಟುಂಬದಲ್ಲಿ ಪಿ-27 ಕೆಟ್ಟಿತ್ತು. ಇಂದು ವೈದ್ಯರು ಅದನ್ನು ಮೆನ್-4 ಎನ್ನುತ್ತಾರೆ. ಕಾಯಿಲೆ ಮೊದಲು ಗೊತ್ತಾದದ್ದು ಇಲಿಯಲ್ಲಿ, ಆಮೇಲೆ ಮನುಷ್ಯನಲ್ಲಿ!

ಕೊನೆಗೆ ಒಂದು ತಿರುವು ಉಳಿಸಿಕೊಂಡಿದ್ದೇನೆ. ಗ್ರಂಥಿಗಳಲ್ಲಿ ಗಡ್ಡೆ ತಡೆಯುವ ಮೆನಿನ್ ರಕ್ತದಲ್ಲಿ ಏನು ಮಾಡುತ್ತದೆ? ಅಲ್ಲೂ ಕಾಯುತ್ತದೆ, ಅಲ್ಲವೇ?

ಅಲ್ಲ! ಕೆಲವು ಬಗೆಯ ರಕ್ತಕ್ಯಾನ್ಸರಿಗೆ ಅದೇ ಕೈಜೋಡಿಸುತ್ತದೆ! ಎಂಎಲ್‌ಎಲ್ ಎಂಬ ಇನ್ನೊಂದು ಪ್ರೋಟೀನು ಕೆಟ್ಟು ನಿಂತಾಗ, ಮೆನಿನ್ ಹೋಗಿ ಅದಕ್ಕೆ ಅಂಟಿಕೊಳ್ಳುತ್ತದೆ. ಅಂಟದಿದ್ದರೆ ಕ್ಯಾನ್ಸರ್ ಬೆಳೆಯುವುದಿಲ್ಲ. 2005ರಲ್ಲಿ ಇದು ಗೊತ್ತಾಯಿತು. ಆ ಅಂಟನ್ನು ಬಿಡಿಸುವ ಮಾತ್ರೆಗೆ ಹುಡುಕಾಟ ಶುರುವಾಯಿತು. 2024ರ ನವೆಂಬರ್‌ನಲ್ಲಿ ರೆವುಮೆನಿಬ್ ಎಂಬ ಮಾತ್ರೆಗೆ ಅಮೆರಿಕದ ಔಷಧ ಆಡಳಿತದ ಒಪ್ಪಿಗೆ ಸಿಕ್ಕಿತು. ಚಂದ್ರಶೇಖರಪ್ಪನವರ ತಂಡ 1997ರಲ್ಲಿ ಹಿಡಿದಾಗ ಯಾವುದನ್ನೂ ಹೋಲದ ಪ್ರೋಟೀನು. ಇಪ್ಪತ್ತೇಳು ವರ್ಷಕ್ಕೆ ಅದೇ ಪ್ರೋಟೀನಿಗೆ ಗುರಿಯಿಟ್ಟ ಔಷಧಿ!

ಇನ್ನು ನಿಮ್ಮ ಮನೆಯ ಮಾತು. ನಿಮ್ಮ ಮನೆತನದಲ್ಲಿ ಚಿಕ್ಕ ವಯಸ್ಸಿಗೇ ಮತ್ತೆಮತ್ತೆ ಕಲ್ಲಾದವರು ಇದ್ದಾರೆಯೇ? ಒಬ್ಬರಲ್ಲ, ಇಬ್ಬರು ಮೂವರು? ಜೊತೆಗೆ ಮಾಯದ ಹೊಟ್ಟೆಹುಣ್ಣು, ಸಕ್ಕರೆ ಇಳಿದು ತಲೆ ತಿರುಗುವುದು, ಪಿಟ್ಯುಟರಿ ಗಡ್ಡೆ, ಇಂಥದ್ದು ಯಾರಿಗಾದರೂ? ಹಾಗಿದ್ದರೆ ಗಾಬರಿ ಬೇಡ, ಸಾಮಾನ್ಯವಾಗಿ ಕಲ್ಲಿಗೆ ಬೇರೆ ಕಾರಣಗಳೇ ಹೆಚ್ಚು. ಆದರೆ ಮುಂದಿನ ಸಲ ಮಿರಜಕ್ಕೋ ಸಾಂಗಲಿಗೋ ಬೆಳಗಾವಿಗೋ ಹೋದಾಗ ವೈದ್ಯರಿಗೆ ಮನೆತನದ ಈ ಎಲ್ಲ ವಿಷಯ ಒಟ್ಟಿಗೆ ಹೇಳಿ. ರಕ್ತದ ಕ್ಯಾಲ್ಸಿಯಂ ಮತ್ತು ಪ್ಯಾರಾಥೈರಾಯ್ಡ್ ಹಾರ್ಮೋನು ಒಮ್ಮೆ ನೋಡಿಸಬಹುದೇ ಎಂದು ಕೇಳಿ. ತಪ್ಪದೆ ಕೇಳಿ!